ಬಾಗಿಲಿಲ್ಲದ ಜೂಜುಕಟ್ಟೆ



ನಮ್ಮ ಕುಟುಂಬಗಳಲ್ಲಿ ಸದ್ದಿಲ್ಲದೆ ಬೇರೂರಿರುವ ಒಂದು ನಂಬಿಕೆಯನ್ನು ಪ್ರಶ್ನಿಸುವುದೇ ಈ ಲೇಖನದ ಉದ್ದೇಶ. ಗೋವಾದ ಕ್ಯಾಸಿನೊಗೆ ಹೋಗಿ ಹಣ ಕಳೆದುಕೊಂಡು ಬಂದವನೊಬ್ಬನ ಸುದ್ದಿ ಕಿವಿಗೆ ಬಿದ್ದರೆ ನಾವು ಹುಬ್ಬು ಗಂಟಿಕ್ಕುತ್ತೇವೆ. ಅಂಥ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತೇವೆ. ಆದರೆ ಅಷ್ಟೇ ಹಣವನ್ನು, ಅದೇ ಪೋಕರ್ ಆಟದಲ್ಲಿ, ತನ್ನ ಕೋಣೆಯ ಮಂಚದ ಮೇಲೆ ಒರಗಿಕೊಂಡು ಮೊಬೈಲಿನಲ್ಲಿ ಕಳೆಯುವ ಮಗನ ವಿಷಯದಲ್ಲಿ ನಮ್ಮ ಮಾತಿನ ಧಾಟಿಯೇ ಬೇರೆ. "ಹುಡುಗ ಎಲ್ಲಿಗೂ ಹೋಗುವುದಿಲ್ಲ, ಕುಡಿಯುವುದಿಲ್ಲ, ಕಣ್ಣೆದುರಿಗೇ ಇದ್ದಾನೆ, ಏನೋ ಮೊಬೈಲಿನಲ್ಲಿ ಆಡಿಕೊಂಡಿರುತ್ತಾನೆ" ಎಂದು ಸಮಾಧಾನ ಪಟ್ಟುಕೊಳ್ಳುತ್ತೇವೆ.

ಈ ಸಮಾಧಾನ ತಪ್ಪು ಎಂದು ನಾನು ವಾದಿಸುತ್ತೇನೆ. ಕ್ಯಾಸಿನೊದ ಪೋಕರ್ ಮತ್ತು ಅಂತರ್ಜಾಲದ ಪೋಕರ್ ಎರಡರಲ್ಲಿ ಹೆಚ್ಚು ಅಪಾಯಕಾರಿಯಾದುದು ಮನೆಯೊಳಗೆ ಬಂದು ಕುಳಿತಿರುವ ಎರಡನೆಯದು. ಎಲೆಗಳು ಅವೇ, ನಿಯಮಗಳೂ ಅವೇ. ಆದರೆ ಆಡುವವನಿಗೂ ಅವನ ನಾಶಕ್ಕೂ ನಡುವೆ ಇದ್ದ ಬಾಗಿಲುಗಳನ್ನೆಲ್ಲ ಈ ಎರಡನೆಯದು ಒಂದೊಂದಾಗಿ ಕಿತ್ತೊಗೆದಿದೆ. ಆ ಬಾಗಿಲುಗಳು ಯಾವುವು, ಅವುಗಳನ್ನು ಮತ್ತೆ ನಿಲ್ಲಿಸಬೇಕಾದವರು ಯಾರು ಎಂಬುದನ್ನು ಯೋಚಿಸೋಣ.

ಆಟದ ಲೆಕ್ಕ

ಪೋಕರ್ ಎಂದರೇನೆಂದು ತಿಳಿಯದ ಓದುಗರಿಗಾಗಿ ಎರಡು ಮಾತು. ಇಂದು ಹೆಚ್ಚು ಪ್ರಚಾರದಲ್ಲಿರುವ ಬಗೆಯಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಇತರರಿಗೆ ಕಾಣದಂತೆ ಎರಡು ಇಸ್ಪೀಟೆಲೆಗಳನ್ನು ಕೊಡುತ್ತಾರೆ. ಎಲ್ಲರಿಗೂ ಸಾಮಾನ್ಯವಾದ ಐದು ಎಲೆಗಳನ್ನು ಮೇಜಿನ ನಡುವೆ ಹಂತಹಂತವಾಗಿ ತೆರೆದಿಡುತ್ತಾರೆ. ಪ್ರತಿ ಹಂತದಲ್ಲೂ ಪಣ ಕಟ್ಟಬೇಕು, ಇಲ್ಲವೇ ಎಲೆ ಮಡಚಿ ಆ ಸುತ್ತಿನಿಂದ ಹಿಂದೆ ಸರಿಯಬೇಕು. ಕೊನೆಗೆ ಉತ್ತಮ ಎಲೆಗಳುಳ್ಳವನು, ಅಥವಾ ಉಳಿದವರನ್ನೆಲ್ಲ ಹೆದರಿಸಿ ಹಿಂದೆ ಸರಿಸಿದವನು, ಪಣದ ರಾಶಿಯನ್ನು ಬಾಚಿಕೊಳ್ಳುತ್ತಾನೆ.

ಇಲ್ಲಿ ಆಡಿಸುವವನು ಆಡುವುದಿಲ್ಲ ಎಂಬುದನ್ನು ಗಮನಿಸಬೇಕು. ತಿರುಗುವ ಚಕ್ರದ ಜೂಜಿನಲ್ಲಿ ಆಟಗಾರನ ಎದುರಾಳಿ ಕ್ಯಾಸಿನೊ. ಪೋಕರಿನಲ್ಲಾದರೋ ಆಟಗಾರರು ಒಬ್ಬರ ಹಣವನ್ನೊಬ್ಬರು ಕೀಳುತ್ತಾರೆ. ಮೇಜಿನ ಒಡೆಯ ಪಣದ ರಾಶಿಯಿಂದ ತನ್ನ ಪಾಲನ್ನು ತೆಗೆದುಕೊಳ್ಳುತ್ತಾನೆ. ಈ ಪಾಲಿಗೆ 'ರೇಕ್' ಎಂದು ಹೆಸರು. ಯಾರು ಗೆದ್ದರೂ ಯಾರು ಸೋತರೂ ಅವನ ಪಾಲು ಅವನಿಗೆ ಸಲ್ಲುತ್ತದೆ.

ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡಿ. ಒಂಬತ್ತು ಮಂದಿ ತಲಾ 2,000 ರೂಪಾಯಿಗಳೊಂದಿಗೆ ಕ್ಯಾಸಿನೊದ ಮೇಜಿಗೆ ಬಂದರೆನ್ನಿ. ಒಟ್ಟು 18,000 ರೂಪಾಯಿ. ಎಲೆ ಕಲಸಿ, ಹಂಚಿ, ಪಣ ಎಣಿಸಿ ಮುಗಿಸುವಷ್ಟರಲ್ಲಿ ಗಂಟೆಗೆ ಸುಮಾರು 30 ಸುತ್ತುಗಳು ನಡೆಯುತ್ತವೆ. ಸುತ್ತಿಗೆ ಸರಾಸರಿ 40 ರೂಪಾಯಿಯಂತೆ ರೇಕ್ ಹೋದರೆ ಗಂಟೆಗೆ 1,200 ರೂಪಾಯಿ. ಎಂಟು ಗಂಟೆ ಕಳೆಯುವಷ್ಟರಲ್ಲಿ 9,600 ರೂಪಾಯಿ, ಅಂದರೆ ತಂದ ಹಣದ ಅರ್ಧಕ್ಕಿಂತ ಹೆಚ್ಚು, ಮೇಜಿನ ಒಡೆಯನ ಪೆಟ್ಟಿಗೆ ಸೇರಿರುತ್ತದೆ. ಒಂಬತ್ತು ಮಂದಿಯೂ ಸರಿಸಮಾನ ಜಾಣರಾಗಿದ್ದರೆ ಒಂಬತ್ತು ಮಂದಿಯೂ ಬಡವರಾಗಿ ಮನೆಗೆ ಮರಳುತ್ತಾರೆ.

ಈಗ ಅದೇ ಒಂಬತ್ತು ಮಂದಿಯನ್ನು ಅಂತರ್ಜಾಲಕ್ಕೆ ತನ್ನಿ. ಅಲ್ಲಿ ಎಲೆ ಕಲಸುವ ಕೈಯಿಲ್ಲ, ಎಣಿಸುವ ಬಿಲ್ಲೆಗಳಿಲ್ಲ. ಒಂದೇ ಮೇಜಿನಲ್ಲಿ ಗಂಟೆಗೆ 60ರಿಂದ 80 ಸುತ್ತುಗಳು ಉರುಳುತ್ತವೆ. ತಾಣದವರು ಉದಾರಿಗಳಾಗಿ ರೇಕನ್ನು ಅರ್ಧಕ್ಕಿಳಿಸಿ ಸುತ್ತಿಗೆ 20 ರೂಪಾಯಿ ಮಾಡಿದರೂ, 70 ಸುತ್ತಿಗೆ ಗಂಟೆಗೆ 1,400 ರೂಪಾಯಿ ಆಯಿತು. ದರ ಕಡಿಮೆ, ಸುಲಿಗೆ ಹೆಚ್ಚು. ಇದಲ್ಲದೆ ಗಣಕದ ಮುಂದೆ ಕುಳಿತವನು ಏಕಕಾಲಕ್ಕೆ ನಾಲ್ಕು ಮೇಜುಗಳಲ್ಲಿ ಆಡಬಲ್ಲ. ಎಲೆ ಮಡಚಿದ ಕ್ಷಣವೇ ಆಟಗಾರನನ್ನು ಮತ್ತೊಂದು ಮೇಜಿಗೆ ಒಯ್ದು ಹೊಸ ಎಲೆ ಕೊಡುವ ವೇಗದ ಪೋಕರ್ 2010ರಿಂದಲೂ ಬಳಕೆಯಲ್ಲಿದೆ. ಕ್ಯಾಸಿನೊದಲ್ಲಿ ಒಂದು ಇಡೀ ರಾತ್ರಿ ಕುಳಿತು ಆಡುವಷ್ಟು ಆಟವನ್ನು ಹೀಗೆ ಒಂದು ಗಂಟೆಯಲ್ಲಿ ಆಡಿ ಮುಗಿಸಬಹುದು. ಯೋಚಿಸುವುದಕ್ಕೆ, ಬೇಸರಗೊಳ್ಳುವುದಕ್ಕೆ, "ಸಾಕು" ಎಂದು ಮೇಲೇಳುವುದಕ್ಕೆ ಮನುಷ್ಯನಿಗೆ ಬೇಕಾದ ಬಿಡುವನ್ನು ಈ ವೇಗ ನುಂಗಿಹಾಕುತ್ತದೆ.

ಕ್ಯಾಸಿನೊದ ಬಾಗಿಲುಗಳು

ನಾನು ಕ್ಯಾಸಿನೊದ ವಕೀಲನಲ್ಲ. ಅಲ್ಲಿಯ ಥಳಕು, ಮದ್ಯ, ಹಗಲು ರಾತ್ರಿಯ ಪರಿವೆಯೇ ಇಲ್ಲದ ಬೆಳಕು, ಎಲ್ಲವೂ ಮನುಷ್ಯನ ವಿವೇಕವನ್ನು ಮಂಕುಗೊಳಿಸುವ ಉಪಾಯಗಳೇ. ಆದರೂ ಅಲ್ಲಿಗೆ ಹೋಗಬೇಕಾದರೆ ಹಲವು ಹೊಸ್ತಿಲುಗಳನ್ನು ದಾಟಬೇಕು.

ಗೋವಾವನ್ನೇ ತೆಗೆದುಕೊಳ್ಳಿ. 1976ರ ಅಲ್ಲಿನ ಜೂಜು ಕಾಯಿದೆಗೆ 1992ರಲ್ಲಿ ತಂದ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರಗಳ ಜೂಜಿಗೆ ಅವಕಾಶ ನೀಡಿತು. 1996ರ ತಿದ್ದುಪಡಿ ಹಡಗುಗಳಲ್ಲಿ ಮೇಜಿನ ಜೂಜಿಗೂ ದಾರಿ ತೆರೆಯಿತು. ಪಣಜಿಯ ಮಾಂಡವಿ ನದಿಯಲ್ಲಿ ನಿಂತಿರುವ ಹಡಗಿಗೆ ಹೋಗಬೇಕಾದವನು ಬೆಂಗಳೂರಿನಿಂದಲೋ ಬೆಳಗಾವಿಯಿಂದಲೋ ಪ್ರಯಾಣ ಹೊರಡಬೇಕು. ಮನೆಯಲ್ಲಿ ಏನಾದರೊಂದು ಕಾರಣ ಹೇಳಬೇಕು. ತನಗೆ 21 ವರ್ಷ ತುಂಬಿದೆಯೆಂದು ತೋರಿಸಬೇಕು, ಪ್ರವೇಶ ಶುಲ್ಕ ತೆರಬೇಕು, ದೋಣಿ ಹತ್ತಬೇಕು. ನೋಟುಗಳನ್ನು ಕೊಟ್ಟು ಬಿಲ್ಲೆಗಳನ್ನು ಕೊಳ್ಳಬೇಕು. ತನ್ನ ಕೈಯಿಂದಲೇ ಆ ಬಿಲ್ಲೆಗಳನ್ನು ಮುಂದಕ್ಕೆ ತಳ್ಳಬೇಕು. ಅವು ಖಾಲಿಯಾದಾಗ ಎಂಟು ಮಂದಿಯ ಕಣ್ಣೆದುರಿಗೆ ಎದ್ದು ಹೊರಡಬೇಕು. ಹೀಗೆ ದೂರ, ವಯಸ್ಸು, ವೆಚ್ಚ, ಸಮಯ, ನಾಚಿಕೆ, ಒಂದೊಂದೂ ಒಂದೊಂದು ಬಾಗಿಲು. ಪ್ರತಿ ಬಾಗಿಲಿನಲ್ಲೂ ಹಿಂದಿರುಗುವ ಅವಕಾಶವೊಂದಿದೆ.

ಈ ಬಾಗಿಲುಗಳ ಬೆಲೆಯನ್ನು ಕ್ಯಾಸಿನೊಗಳಿಂದ ವರಮಾನ ಪಡೆಯುವ ಗೋವಾ ಸರ್ಕಾರವೇ ಒಪ್ಪಿಕೊಂಡಿದೆ. 2020ರ ಫೆಬ್ರುವರಿ 1ರಿಂದ ಗೋವಾದ ನಿವಾಸಿಗಳು ಕ್ಯಾಸಿನೊಗಳಲ್ಲಿ ಜೂಜಾಡುವುದನ್ನು ಅದು ನಿಷೇಧಿಸಿತು. ಪ್ರವಾಸಿಗಳು ಬಂದು ಆಡಲಿ, ಹಣ ಸುರಿದು ಹೋಗಲಿ. ನಮ್ಮ ಮಕ್ಕಳು ಮಾತ್ರ ಬೇಡ! ಅನ್ಯರ ಮಕ್ಕಳನ್ನು ಕುರಿತ ಈ ಔದಾಸೀನ್ಯವನ್ನು ನಾವು ಖಂಡಿಸಲೇಬೇಕು. ಆದರೆ ಅದರೊಳಗಿರುವ ಸಾಕ್ಷ್ಯವನ್ನು ಮರೆಯಬಾರದು. ಜೂಜುಕಟ್ಟೆ ಮನೆಗೆ ಹತ್ತಿರವಾದಷ್ಟೂ ಮನೆಗೆ ಕೇಡು ಎಂಬುದನ್ನು ಅದನ್ನು ನಡೆಯಗೊಡುವವರೇ ಬಲ್ಲರು. ಹಾಗಿದ್ದ ಮೇಲೆ ದಿಂಬಿನ ಕೆಳಗೇ ಇರುವ ಜೂಜುಕಟ್ಟೆಯ ಬಗ್ಗೆ ಏನು ಹೇಳೋಣ?

ಅಂತರ್ಜಾಲದ ಮೇಜಿಗೆ ದೂರವಿಲ್ಲ, ಸಮಯವಿಲ್ಲ. ರಾತ್ರಿ ಎರಡು ಗಂಟೆಗೂ ಅದು ತೆರೆದಿರುತ್ತದೆ. ಭಾನುವಾರ ಬಲಿಪೂಜೆಯ ವೇಳೆಯಲ್ಲೂ ತೆರೆದಿರುತ್ತದೆ. ಕ್ಯಾಸಿನೊದವನು ಮೇಜು, ಸಿಬ್ಬಂದಿ, ದೀಪ ಇವುಗಳ ಖರ್ಚು ಹೊರಬೇಕಾದ್ದರಿಂದ ತೀರಾ ಅಲ್ಪ ಪಣಕ್ಕೆ ಆಡಿಸಲಾರ. ಅಂತರ್ಜಾಲದವನಿಗೆ ಆ ಕಷ್ಟವಿಲ್ಲ. ಒಂದೆರಡು ಸೆಂಟುಗಳಿಂದ ಪಣ ಆರಂಭವಾಗುವ ಮೇಜುಗಳನ್ನು ಇಂಥ ತಾಣಗಳು ಇಟ್ಟಿವೆ. ಅದಕ್ಕೂ ಮೊದಲು ಅಭ್ಯಾಸಕ್ಕೆಂದು ಪುಕ್ಕಟೆ ಬಿಲ್ಲೆಗಳನ್ನು ಕೊಡುತ್ತವೆ. ಹಣ ತುಂಬಿದವನಿಗೆ 'ಬೋನಸ್' ಘೋಷಿಸುತ್ತವೆ. ಆದರೆ ಆ ಬೋನಸ್ ಒಮ್ಮೆಗೇ ಕೈಸೇರುವುದಿಲ್ಲ, ಅವನು ಆಡಿ ಆಡಿ ರೇಕ್ ತೆತ್ತಂತೆಲ್ಲ ಕಂತುಕಂತಾಗಿ ಬಿಡುಗಡೆಯಾಗುತ್ತದೆ. ಬಾಗಿಲಿಲ್ಲದಿದ್ದರೆ ಸಾಲದೆಂದು ಹೊಸ್ತಿಲನ್ನೂ ನೆಲಸಮ ಮಾಡಿರುವುದು ಹೀಗೆ.

ನಾಚಿಕೆಯ ಬಾಗಿಲಿನ ಬಗ್ಗೆ ಇನ್ನೂ ಒಂದು ಮಾತು. ಮಹಾಭಾರತದ ದ್ಯೂತವನ್ನು ನೆನೆಯಿರಿ. ಧರ್ಮರಾಯ ಎಲ್ಲವನ್ನೂ ಕಳೆದುಕೊಂಡದ್ದು ತುಂಬಿದ ಸಭೆಯಲ್ಲಿ. ಹಿರಿಯರೆಲ್ಲ ಇದ್ದರು, ತಡೆಯಬೇಕಾದವರು ತಡೆಯಲಿಲ್ಲ ಎಂಬುದು ಆ ಕಥೆಯ ದುರಂತ. ಆದರೂ ಅಲ್ಲೊಂದು ಸಭೆ ಇತ್ತು. ಆದುದರಿಂದಲೇ ದ್ರೌಪದಿಗೆ ತನ್ನ ಪ್ರಶ್ನೆಯನ್ನು ಕೇಳಲು ಒಂದು ಸ್ಥಳವಿತ್ತು. ಇಂದು ಗಂಡ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮಗಳ ಶಾಲಾ ಶುಲ್ಕವನ್ನು ಪಣಕ್ಕಿಡುವಾಗ ಹೆಂಡತಿ ಯಾವ ಸಭೆಯಲ್ಲಿ ಪ್ರಶ್ನಿಸಬೇಕು? ಒಡವೆ ಗಿರವಿಗೆ ಹೋದದ್ದು, ಚೀಟಿಯ ಹಣ ಕರಗಿದ್ದು, ಸಾಲ ಕೊಡುವ ಆ್ಯಪ್‌ನವರು ನೆಂಟರಿಷ್ಟರಿಗೆಲ್ಲ ಕರೆ ಮಾಡತೊಡಗಿದ್ದು, ಇವೆಲ್ಲ ಅವಳಿಗೆ ತಿಳಿಯುವುದು ಆಟ ಮುಗಿದ ಮೇಲೆಯೇ.

ವಿಶ್ವ ಆರೋಗ್ಯ ಸಂಸ್ಥೆಯೂ ಈ ಎರಡು ಬಗೆಗಳನ್ನು ಬೇರೆಬೇರೆಯಾಗಿ ಗುರುತಿಸಿದೆ. 2022ರಲ್ಲಿ ಜಾರಿಗೆ ಬಂದ ಅದರ ರೋಗಗಳ ವರ್ಗೀಕರಣದ 11ನೆಯ ಆವೃತ್ತಿ ಜೂಜಿನ ಗೀಳನ್ನು ಒಂದು ಕಾಯಿಲೆಯೆಂದು ಹೆಸರಿಸಿ, ಮುಖ್ಯವಾಗಿ ಅಂತರ್ಜಾಲದಲ್ಲಿ ಆಡುವವರದು, ಮುಖ್ಯವಾಗಿ ಅದರ ಹೊರಗೆ ಆಡುವವರದು ಎಂದು ಎರಡು ವಿಭಾಗ ಮಾಡಿದೆ.

ಎದುರಿಗೆ ಕುಳಿತವರು ಯಾರು?

ಕ್ಯಾಸಿನೊದ ಮೇಜಿನಲ್ಲಿ ಎದುರಾಳಿಯ ಮುಖ ಕಾಣುತ್ತದೆ. ಬೆವರುವ ಹಣೆ, ನಡುಗುವ ಬೆರಳು ಇವುಗಳನ್ನು ಓದುವುದೇ ಆ ಆಟದ ಒಂದು ಭಾಗ. ಅದರಿಂದ ಇನ್ನೊಂದು ಪರಿಣಾಮವೂ ಇದೆ. ಸೋಲುತ್ತಿರುವವನು ಮನುಷ್ಯನೆಂಬುದು ಗೆಲ್ಲುತ್ತಿರುವವನ ಕಣ್ಣಿಗೆ ಬೀಳುತ್ತದೆ. ಅಂತರ್ಜಾಲದಲ್ಲಿ ಕಾಣುವುದು ಒಂದು ಸುಳ್ಳು ಹೆಸರು, ಒಂದು ಚಿತ್ರ, ಒಂದು ಅಂಕೆ. ಅದರ ಹಿಂದಿರುವುದು ಮನುಷ್ಯನೇ ಎಂಬ ಖಾತರಿಯೂ ಇಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 'ಲಿಬ್ರೇಟಸ್' ಎಂಬ ಗಣಕ ಕಾರ್ಯಕ್ರಮ 2017ರ ಜನವರಿಯಲ್ಲಿ ನಾಲ್ವರು ನುರಿತ ವೃತ್ತಿನಿರತ ಆಟಗಾರರನ್ನು 20 ದಿನಗಳ, 1,20,000 ಸುತ್ತುಗಳ ಸ್ಪರ್ಧೆಯಲ್ಲಿ ಸೋಲಿಸಿತು. 2019ರಲ್ಲಿ ಅಲ್ಲಿನವರೇ ಫೇಸ್‌ಬುಕ್ ಸಂಶೋಧಕರೊಡನೆ ರೂಪಿಸಿದ 'ಪ್ಲೂರಿಬಸ್' ಆರು ಮಂದಿಯ ಮೇಜಿನಲ್ಲೂ ವೃತ್ತಿನಿರತರನ್ನು ಮಣಿಸಿತು. ಜಗತ್ತಿನ ನಿಪುಣರೇ ಯಂತ್ರಕ್ಕೆ ಸೋತಿರುವಾಗ, ಯಂತ್ರವನ್ನು ಗುರುತಿಸಲೂ ಆಗದ ಮೇಜಿನಲ್ಲಿ ನಮ್ಮ ಮನೆಯ ಹುಡುಗ ಏನನ್ನು ಗೆದ್ದಾನು?

ಎಲೆ ಹಂಚುವವನನ್ನೂ ನಾವು ಕಾಣೆವು. 1999ರಲ್ಲಿ, ಅಂತರ್ಜಾಲ ಪೋಕರ್ ಆರಂಭವಾದ ಹೊಸತರಲ್ಲಿಯೇ, ಒಂದು ತಾಣ ಬಳಸುತ್ತಿದ್ದ ಎಲೆ ಕಲಸುವ ಕ್ರಮವನ್ನು ಪರಿಶೀಲಿಸಿದ ಗಣಕ ತಜ್ಞರು, ಆಟಗಾರನ ಕಣ್ಣಿಗೆ ಕಾಣುವ ಕೆಲವು ಎಲೆಗಳಿಂದಲೇ ಉಳಿದವರ ಎಲೆಗಳನ್ನು ಹೇಳಬಹುದೆಂದು ತೋರಿಸಿಕೊಟ್ಟರು. ಅದು ಅಜ್ಞಾನದ ದೋಷವೆನ್ನೋಣ. ಆದರೆ 2007 ಮತ್ತು 2008ರಲ್ಲಿ 'ಅಬ್ಸಲ್ಯೂಟ್ ಪೋಕರ್', 'ಅಲ್ಟಿಮೇಟ್ ಬೆಟ್' ಎಂಬ ತಾಣಗಳಲ್ಲಿ ಬಯಲಾದದ್ದು ಶುದ್ಧ ವಂಚನೆ. ಒಳಗಿನವರ ಕೆಲವು ಖಾತೆಗಳಿಗೆ ಎಲ್ಲ ಆಟಗಾರರ ಗುಪ್ತ ಎಲೆಗಳೂ ಕಾಣುತ್ತಿದ್ದವು. 2011ರಲ್ಲಿ ಅಮೆರಿಕ ಸರ್ಕಾರ ದೊಡ್ಡ ತಾಣಗಳ ಮೇಲೆ ಮೊಕದ್ದಮೆ ಹೂಡಿದಾಗ ಮತ್ತೊಂದು ಸತ್ಯ ಹೊರಬಂತು. 'ಫುಲ್ ಟಿಲ್ಟ್ ಪೋಕರ್' ತನ್ನ ಆಟಗಾರರಿಗೆ ಕೊಡಬೇಕಾಗಿದ್ದುದು ಸುಮಾರು 39 ಕೋಟಿ ಡಾಲರ್. ಬ್ಯಾಂಕಿನಲ್ಲಿ ಇದ್ದುದು ಸುಮಾರು 6 ಕೋಟಿ ಡಾಲರ್. ಗೆದ್ದವರು ಪರದೆಯ ಮೇಲೆ ಕಾಣುತ್ತಿದ್ದ ಅಂಕೆಯನ್ನೇ ಹಣವೆಂದು ನಂಬಿದ್ದರು.

'ಇದು ಕೌಶಲದ ಆಟ' ಎಂಬ ವಾದ

ಇಲ್ಲಿ ಆಡಿಸುವವರ ಪ್ರಬಲ ವಾದವೊಂದನ್ನು ಎದುರಿಸಲೇಬೇಕು. "ಪೋಕರ್ ಜೂಜಲ್ಲ, ಕೌಶಲದ ಆಟ" ಎಂದು ಅವರು ಹೇಳುತ್ತಾರೆ. ಈ ಮಾತಿಗೆ ನ್ಯಾಯಾಲಯಗಳ ಆಧಾರವೂ ಇದೆ. 1967ರಲ್ಲಿ ಸರ್ವೋಚ್ಚ ನ್ಯಾಯಾಲಯ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಕರೆಯಿತು. 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲವೆಂದಿತು.

ಪೋಕರಿನಲ್ಲಿ ಕೌಶಲವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಆಕ್ಷೇಪ ಇರುವುದೇ ಅಲ್ಲಿ. ಅದೃಷ್ಟದ ಆಟದಲ್ಲಿ ಬಲ್ಲವನೂ ಅರಿಯದವನೂ ಸರಿಸಮಾನರು. ಕೌಶಲದ ಆಟದಲ್ಲಾದರೋ ಬಲ್ಲವನ ಆದಾಯ ಅರಿಯದವನ ನಷ್ಟದಿಂದಲೇ ಬರಬೇಕು, ಬೇರೆ ಮೂಲವಿಲ್ಲ. ಕ್ಯಾಸಿನೊದಲ್ಲಿ ಒಬ್ಬ ನಿಪುಣ ಒಂದು ರಾತ್ರಿ ಒಂದು ಮೇಜಿನ ಎಂಟು ಮಂದಿಯನ್ನು ಮಾತ್ರ ಸುಲಿಯಬಲ್ಲ. ಅಂತರ್ಜಾಲದಲ್ಲಿ ಅವನು ಹಲವು ಮೇಜುಗಳಲ್ಲಿ ಕುಳಿತು, ಪ್ರತಿ ಎದುರಾಳಿಯ ಹಿಂದಿನ ಆಟಗಳನ್ನೆಲ್ಲ ದಾಖಲಿಸಿಟ್ಟುಕೊಂಡ ತಂತ್ರಾಂಶದ ನೆರವಿನಿಂದ, ಯಾರು ದುರ್ಬಲರೆಂದು ಆರಿಸಿ ಆರಿಸಿ ಆಡಬಲ್ಲ. ನುರಿತ ಆಟಗಾರರು ತಮ್ಮ ಪರಿಭಾಷೆಯಲ್ಲಿ ಹೊಸಬನನ್ನು 'ಮೀನು' ಎಂದು ಕರೆಯುತ್ತಾರೆ. ಪ್ರಭು ಯೇಸು ಗಲಿಲೇಯದ ಬೆಸ್ತರನ್ನು ಕರೆದು ಮನುಷ್ಯರನ್ನು ಹಿಡಿಯಲು ಕಳುಹಿಸಿದ್ದು ಅವರನ್ನು ಬದುಕಿಸುವುದಕ್ಕಾಗಿ. ಇವರ ಬಲೆ ಬೀಳುವುದು ತಿನ್ನುವುದಕ್ಕಾಗಿ.

ಗೆದ್ದವರ ಉದಾಹರಣೆಗಳೂ ಇವೆಯಲ್ಲ ಎನ್ನುವಿರಾ? ಇವೆ. 2003ರಲ್ಲಿ ಅಮೆರಿಕದ ಟೆನೆಸ್ಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ ಅಂತರ್ಜಾಲದ ಚಿಕ್ಕ ಸ್ಪರ್ಧೆಯೊಂದರ ಮೂಲಕ ಲಾಸ್ ವೇಗಸ್ಸಿನ ವಿಶ್ವ ಪೋಕರ್ ಸರಣಿಗೆ ಆಯ್ಕೆಯಾಗಿ 25 ಲಕ್ಷ ಡಾಲರ್ ಗೆದ್ದರು. ಅವರ ಅಡ್ಡಹೆಸರಿಗೆ 'ಹಣ ಮಾಡುವವ' ಎಂಬ ಅರ್ಥವಿದ್ದದ್ದು ಆಡಿಸುವವರಿಗೆ ಸಿಕ್ಕ ಪುಕ್ಕಟೆ ಜಾಹೀರಾತು. ಆ ವರ್ಷ ಮುಖ್ಯ ಸ್ಪರ್ಧೆಯಲ್ಲಿ 839 ಮಂದಿ ಇದ್ದರೆ 2006ರಲ್ಲಿ 8,773 ಮಂದಿ ಇದ್ದರು. ಗೆದ್ದ ಒಬ್ಬರ ಹೆಸರು ಲೋಕಕ್ಕೆಲ್ಲ ತಿಳಿದಿದೆ. ಅವರನ್ನು ಕಂಡು ಹಣ ಹೂಡಿ ಸೋತವರ ಹೆಸರು ಅವರವರ ಮನೆಯವರಿಗಷ್ಟೇ ಗೊತ್ತು.

"ನಮ್ಮ ತಾಣದಲ್ಲಿ ಹಣದ ಮಿತಿ ಹಾಕಿಕೊಳ್ಳುವ, ತಾನಾಗಿಯೇ ದೂರ ಉಳಿಯುವ ಸೌಲಭ್ಯವಿದೆ; ಕ್ಯಾಸಿನೊದಲ್ಲಿ ಅಂಥದ್ದೆಲ್ಲಿ?" ಎಂದೂ ಕೆಲವರು ಕೇಳುತ್ತಾರೆ. ಮುಚ್ಚಿದ ಕೈಯೇ ತೆರೆಯಬಲ್ಲ ಬಾಗಿಲು ಎಂಥ ಬಾಗಿಲು? ಒಂದು ತಾಣದಲ್ಲಿ ಮಿತಿ ಹಾಕಿಕೊಂಡವನಿಗೆ ಪಕ್ಕದಲ್ಲೇ ಮಿತಿಯಿಲ್ಲದ ಇನ್ನೊಂದು ತಾಣ ಕಾದಿರುತ್ತದೆ.

ಕಾನೂನಿನ ಬೇಲಿ

ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಅಂತರ್ಜಾಲ ಆಟಗಳನ್ನು ನಿಷೇಧಿಸಿತು. ರಾಜ್ಯದ ಉಚ್ಚ ನ್ಯಾಯಾಲಯ 2022ರ ಫೆಬ್ರುವರಿ 14ರಂದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. ಅನಂತರ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂತರ್ಜಾಲ ಆಟಗಳ ಕುರಿತು ಕಾಯಿದೆಯೊಂದನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟು, ಹಣ ಕಟ್ಟಿ ಆಡಿಸುವ ಎಲ್ಲ ಅಂತರ್ಜಾಲ ಆಟಗಳನ್ನೂ ಈ ಕಾಯಿದೆ ನಿಷೇಧಿಸುತ್ತದೆ. ಆಡಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ನೀಡುವವರಿಗೂ ಶಿಕ್ಷೆ. ಆಡುವವನನ್ನು ಅದು ದಂಡಿಸುವುದಿಲ್ಲ. ಸುಮಾರು 45 ಕೋಟಿ ಜನರು ವರ್ಷಕ್ಕೆ 20,000 ಕೋಟಿ ರೂಪಾಯಿಗಳಷ್ಟು ಕಳೆದುಕೊಳ್ಳುತ್ತಿದ್ದಾರೆ ಎಂಬುದು ಆಗ ಕೇಂದ್ರ ಸರ್ಕಾರದ ಕಡೆಯಿಂದ ಬಂದ ಅಂದಾಜು. ಕಾಯಿದೆಯ ಬೆನ್ನಲ್ಲೇ ದೇಶದ ಪ್ರಮುಖ ಪೋಕರ್ ತಾಣಗಳು ಹಣದ ಆಟವನ್ನು ನಿಲ್ಲಿಸಿದವು. ಕಾಯಿದೆಯನ್ನು ಪ್ರಶ್ನಿಸಿದ ಅರ್ಜಿಗಳು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವು.

ಈ ಕಾಯಿದೆಯನ್ನು ನಾನು ಸ್ವಾಗತಿಸುತ್ತೇನೆ. ಆದರೆ "ಸರ್ಕಾರವೇ ನಿಲ್ಲಿಸಿತಲ್ಲ, ಇನ್ನು ನಮಗೇನು ಚಿಂತೆ?" ಎನ್ನುವವರ ಜೊತೆ ನಾನಿಲ್ಲ. ಹಡಗಿಗೆ ಬೀಗ ಹಾಕಬಹುದು; ಅದು ನಿಂತಿರುವ ಸ್ಥಳ ಎಲ್ಲರಿಗೂ ಗೊತ್ತು. ವಿದೇಶದಲ್ಲಿ ನೆಲೆಯೂರಿದ ತಾಣ ಇಂದು ಒಂದು ಹೆಸರಿನಲ್ಲಿ ಮುಚ್ಚಿದರೆ ನಾಳೆ ಇನ್ನೊಂದು ಹೆಸರಿನಲ್ಲಿ ತೆರೆಯುತ್ತದೆ. ಕದ್ದು ಆಡುವವನು ಮೋಸಹೋದರೆ ದೂರು ಕೊಡಲೂ ಅಂಜುತ್ತಾನೆ. ಕಾನೂನು ಬೇಲಿ ಹಾಕಬಲ್ಲದು. ಮನೆಯ ಬಾಗಿಲು ಕಾಯಬೇಕಾದವರು ಮನೆಯವರೇ.

ನಮ್ಮ ಅಂಗಳವನ್ನೂ ನೋಡೋಣ

"ಚರ್ಚಿನ ಹಬ್ಬದಲ್ಲಿ ಹೌಸಿ ಆಡಿಸುತ್ತೀರಿ, ಲಕ್ಕಿ ಡಿಪ್ ಚೀಟಿ ಮಾರುತ್ತೀರಿ; ನಿಮಗೇಕೆ ಈ ಉಪದೇಶ?" ಎಂದು ಯುವಕರು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಅದನ್ನು ಗದರಿಸಿ ಬಾಯಿ ಮುಚ್ಚಿಸಬಾರದು.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2413ನೆಯ ಪರಿಚ್ಛೇದ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅದೃಷ್ಟದ ಆಟಗಳಾಗಲಿ ಪಣ ಕಟ್ಟುವುದಾಗಲಿ ತಮ್ಮಷ್ಟಕ್ಕೆ ನ್ಯಾಯಕ್ಕೆ ವಿರುದ್ಧವಲ್ಲ. ತನಗೂ ತನ್ನನ್ನು ನಂಬಿದವರಿಗೂ ಅಗತ್ಯವಾದುದನ್ನು ಅವು ಕಸಿಯತೊಡಗಿದಾಗ ನೈತಿಕವಾಗಿ ಒಪ್ಪತಕ್ಕವಲ್ಲ. ಜೂಜಿನ ಹುಚ್ಚು ಗುಲಾಮಗಿರಿಯಾಗಿ ಪರಿಣಮಿಸುವ ಅಪಾಯವಿದೆ ಎಂಬುದು ಅದರ ಸಾರ. ಪ್ರೇಷಿತರು ಮತ್ತೀಯನನ್ನು ಆರಿಸಿದ್ದು ಚೀಟಿ ಹಾಕಿಯೇ. ಆದುದರಿಂದ ಚೀಟಿಯೋ ಎಲೆಯೋ ಪಾಪವಲ್ಲ. ಅಳತೆಗೋಲು ಬೇರೆಯೇ ಇದೆ.

ಹಬ್ಬದ ಹೌಸಿಗೆ ಒಂದು ಸಂಜೆ, ಒಂದು ಟಿಕೆಟ್ಟು, ಒಂದು ಅಂಗಳ, ಸುತ್ತಲೂ ನೆರೆಹೊರೆಯವರು. ಕಡೆಯ ಸಂಖ್ಯೆ ಕೂಗಿದ ಮೇಲೆ ಎಲ್ಲರೂ ಕುರ್ಚಿ ಮಡಚಿ ಊಟಕ್ಕೆ ಏಳುತ್ತಾರೆ. ಅದಕ್ಕೆ ಬಾಗಿಲುಗಳಿವೆ, ಆದುದರಿಂದಲೇ ಅದು ಆಟವಾಗಿ ಉಳಿದಿದೆ. ಆದರೂ ನಾವು ಎಚ್ಚರ ತಪ್ಪಬಾರದು. ಬಹುಮಾನದ ಮೊತ್ತ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ದಿನಗೂಲಿಯವನು ಮಕ್ಕಳ ಮುಂದೆ ಒಂದರ ಮೇಲೊಂದರಂತೆ ಹತ್ತು ಟಿಕೆಟ್ ಕೊಳ್ಳುತ್ತಿದ್ದರೆ, ನಿಧಿ ಸಂಗ್ರಹಕ್ಕೆ ಬೇರೆ ದಾರಿ ಹುಡುಕುವುದು ಧರ್ಮಕೇಂದ್ರದ ಪಾಲನಾ ಸಮಿತಿಯ ಕರ್ತವ್ಯ. ನಮ್ಮ ಅಂಗಳವನ್ನು ಗುಡಿಸದೆ ಅನ್ಯರ ಬೀದಿಯ ಕಸ ತೋರಿಸಿದರೆ ಯುವಕರು ನಂಬುವುದಿಲ್ಲ.

ಶಿಲುಬೆಯ ಬುಡದಲ್ಲಿ ನಡೆದುದನ್ನೂ ಮರೆಯದಿರೋಣ. ಪ್ರಭು ಮೇಲೆ ಪ್ರಾಣ ಬಿಡುತ್ತಿರುವಾಗ ಕೆಳಗೆ ಸೈನಿಕರು ಅವರ ಹೊಲಿಗೆಯಿಲ್ಲದ ಅಂಗಿಗಾಗಿ ಚೀಟಿ ಹಾಕಿದರೆಂದು ಯೊವಾನ್ನನ ಶುಭಸಂದೇಶ ತಿಳಿಸುತ್ತದೆ. ಆಗಲೂ ಅವರು ತಲೆಯೆತ್ತಿದ್ದರೆ ಒಂದು ಮುಖ ಕಾಣುತ್ತಿತ್ತು. ಜೂಜಿನ ನಿಜವಾದ ಪಾಪ ಇರುವುದು ತಲೆಯೆತ್ತದಿರುವುದರಲ್ಲಿ. ಅಂತರ್ಜಾಲದ ಮೇಜಿನಲ್ಲಿ ತಲೆಯೆತ್ತಿದರೂ ಕಾಣುವ ಮುಖವಿಲ್ಲ. ಯಾತನೆ ಪಡುವ ಮುಖ ಪಕ್ಕದ ಕೋಣೆಯಲ್ಲಿರುತ್ತದೆ.

ಬಾಗಿಲನ್ನು ನಿಲ್ಲಿಸುವವರು

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ತಂದೆತಾಯಂದಿರೇ, "ಮನೆಯಲ್ಲೇ ಇದ್ದಾನೆ" ಎಂಬುದನ್ನು ಸುರಕ್ಷತೆಯ ಪ್ರಮಾಣಪತ್ರವೆಂದು ಭಾವಿಸಬೇಡಿ. ರಾತ್ರಿ ಊಟವಾದ ಮೇಲೆ ಮನೆಯವರೆಲ್ಲರ ಮೊಬೈಲುಗಳು, ನಿಮ್ಮದೂ ಸೇರಿ, ಒಂದೇ ಜಾಗದಲ್ಲಿ ಉಳಿಯಲಿ. ತಿಂಗಳಿಗೊಮ್ಮೆ ಮನೆಯ ಆದಾಯ, ಖರ್ಚು, ಸಾಲಗಳನ್ನು ಗಂಡಹೆಂಡತಿ ಒಟ್ಟಿಗೆ ಕುಳಿತು ನೋಡಲಿ. ಗುಟ್ಟಾದ ಖಾತೆಯಿಲ್ಲದ ಮನೆಯಲ್ಲಿ ಗುಟ್ಟಾದ ಜೂಜು ಬಹುಕಾಲ ಬಾಳದು.

ಎರಡನೆಯದಾಗಿ, ಸಿಕ್ಕಿಬಿದ್ದವನನ್ನು ನಾಲ್ವರ ಮುಂದೆ ಅವಮಾನಿಸಬೇಡಿ. ಅವಮಾನಿತನಾದವನು ಮತ್ತೆ ಅದೇ ಕತ್ತಲಿಗೆ ಓಡುತ್ತಾನೆ. ಕೆಲವರು ಪ್ರಾಣವನ್ನೇ ಕಳೆದುಕೊಳ್ಳುತ್ತಾರೆ. ಹಾಗೆಂದು ಮರ್ಯಾದೆಗೆ ಅಂಜಿ ಅವನ ಸಾಲವನ್ನು ಗುಟ್ಟಾಗಿ ತೀರಿಸಿ ಕೈತೊಳೆದುಕೊಳ್ಳಲೂ ಬೇಡಿ. ಹಾಗೆ ತೀರಿಸಿದ ಸಾಲ ಅವನ ಮುಂದಿನ ಆಟಕ್ಕೆ ಬಂಡವಾಳವಾಗುತ್ತದೆ. ಸಾಲದ ಪೂರ್ಣ ಲೆಕ್ಕ ಹೊರಬರಲಿ, ಹಣದ ವ್ಯವಹಾರ ಕೆಲಕಾಲ ಮನೆಯ ಇನ್ನೊಬ್ಬರ ಕೈಯಲ್ಲಿರಲಿ, ತೀರಿಸುವ ದುಡಿಮೆಯಲ್ಲಿ ಅವನೂ ಪಾಲುಗೊಳ್ಳಲಿ.

ಮೂರನೆಯದಾಗಿ, ಇದು ಕಾಯಿಲೆಯೂ ಹೌದೆಂದು ಒಪ್ಪಿಕೊಳ್ಳಿ. ಪಾಪನಿವೇದನೆ ಆತ್ಮಕ್ಕೆ ಸಮಾಧಾನ ತರುತ್ತದೆ. ಗೀಳಿಗೆ ಚಿಕಿತ್ಸೆಯೂ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೊಬೈಲ್ ಮತ್ತು ಅಂತರ್ಜಾಲದ ಗೀಳಿಗೆ ಸಿಲುಕಿದವರಿಗಾಗಿ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯ ಆರಂಭವಾಯಿತು. ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿಗೆ, 14416 ಸಂಖ್ಯೆಗೆ, ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಬಹುದು. ಮದ್ಯವ್ಯಸನಿಗಳಿಗೆ ನೆರವಾಗಲು ಎಷ್ಟೋ ಧರ್ಮಕೇಂದ್ರಗಳು ತಮ್ಮ ಸಭಾಂಗಣಗಳ ಬಾಗಿಲು ತೆರೆದಿವೆ. ಜೂಜಿನ ಗೀಳಿನಿಂದ ಬಿಡುಗಡೆ ಬಯಸುವವರಿಗೂ, ಅವರ ಮಡದಿಯರಿಗೂ, ಗುಟ್ಟು ಕಾಯುವ ಒಂದು ಚಿಕ್ಕ ಕೂಟವನ್ನು ಅಲ್ಲಿ ಏಕೆ ಆರಂಭಿಸಬಾರದು?

ಕುರಿಹಟ್ಟಿಗೆ ಬಾಗಿಲಿನ ಮೂಲಕ ಬಾರದೆ ಬೇರೆ ಕಡೆಯಿಂದ ಹತ್ತಿ ಬರುವವನು ಕಳ್ಳನೆಂದು ಪ್ರಭು ಎಚ್ಚರಿಸಿದ್ದಾರೆ. ಆ ಹಟ್ಟಿಯ ಬಾಗಿಲು ತಾವೇ ಎಂದೂ ಹೇಳಿದ್ದಾರೆ. ಹಡಗಿನ ಜೂಜುಕಟ್ಟೆ ನಮ್ಮನ್ನು ತನ್ನ ಬಾಗಿಲಿಗೆ ಕರೆಯುತ್ತದೆ. ಹೋಗದಿರುವುದು ನಮ್ಮ ಕೈಯಲ್ಲಿದೆ. ಮೊಬೈಲಿನ ಜೂಜುಕಟ್ಟೆ ನಮ್ಮ ಬಾಗಿಲನ್ನು ತಟ್ಟದೆಯೇ ಒಳಗೆ ಬಂದಿದೆ. ಈ ರಾತ್ರಿ ಜಪಸರ ಮುಗಿದ ಮೇಲೆ ಮಗನ ಕೋಣೆಯ ಮುಂದೆ ಒಂದು ಕ್ಷಣ ನಿಲ್ಲಿ, ಕದ ತಟ್ಟಿ, ಒಳಗೆ ಹೋಗಿ ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ಬೈಯಬೇಡಿ, ಮೊಬೈಲನ್ನು ಕಸಿದುಕೊಳ್ಳಬೇಡಿ. "ಏನು ಆಡುತ್ತಿದ್ದೀಯಪ್ಪಾ, ನನಗೂ ತೋರಿಸು" ಎಂದು ಕೇಳಿ. ಅವನು ತೋರಿಸಿದರೆ ನೋಡಿ. ತೋರಿಸಲು ಹಿಂಜರಿದರೆ, ನಿಮ್ಮ ಕೆಲಸ ಆರಂಭವಾಗಬೇಕಾದುದು ಅಲ್ಲಿಂದಲೇ.